ಟೈನಿ ಕೋರ್ ಲಿನಕ್ಸ್

ಟೈನಿ ಕೋರ್ ಲಿನಕ್ಸ್ ಅತ್ಯಲ್ಪ ಗಾತ್ರದ ಒಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಇದನ್ನು ರಾಬರ್ಟ್ ಶಿಂಗಲ್‌ಡೆಕ್ಕರ್ ರೂಪಿಸಿದರು. ಇದರ ಮೊದಲ ಆವೃತ್ತಿಯು 2009ರಲ್ಲಿ ಬಿಡುಗಡೆಯಾಯಿತು. ಯುಎಸ್‌ಬಿ ಪೆನ್‌ಡ್ರೈವ್ ಅಥವಾ ಸಿಡಿಯಿಂದ ನೇರವಾಗಿ ಚಾಲನೆಗೊಳ್ಳುವುದರಿಂದ, ಒಂದೇ ಪ್ರತಿಯನ್ನು ಬೇರೆ ಬೇರೆ ಗಣಕಗಳಲ್ಲಿ ಬಳಸಬಹುದಾಗಿದೆ.

ಸ್ವರೂಪಗಳು

ಪಠ್ಯರೂಪದ ಆಜ್ಞೆಗಳಿಂದ ನಡೆಯುವ 'ಕೋರ್' ಸುಮಾರು 17 ಮೆಗಾಬೈಟ್, ಚಿತ್ರಾತ್ಮಕ ಪರದೆಯುಳ್ಳ 'ಟೈನಿಕೋರ್' ಸುಮಾರು 23 ಮೆಗಾಬೈಟ್ ಗಾತ್ರದವು. ನಿಸ್ತಂತು ಜಾಲದ ಸೌಲಭ್ಯವನ್ನೂ ಒಳಗೊಂಡ 'ಕೋರ್‌ಪ್ಲಸ್' ಇವೆರಡಕ್ಕಿಂತ ದೊಡ್ಡದು. ರಾಸ್‌ಬೆರಿ ಪೈ ಗಣಕಗಳಿಗಾಗಿ 'ಪೈಕೋರ್' ಎಂಬ ಪ್ರತ್ಯೇಕ ರೂಪವಿದೆ.

ಕಾರ್ಯವಿಧಾನ

ಗಣಕವನ್ನು ಆರಂಭಿಸಿದಾಗ ಮೂಲ ವ್ಯವಸ್ಥೆಯು ಸಂಪೂರ್ಣವಾಗಿ ಸ್ಮೃತಿಕೋಶಕ್ಕೆ (ರ‍್ಯಾಮ್) ಇಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿರುವ ಅದರ ಪ್ರತಿ ಬದಲಾಗುವುದಿಲ್ಲ. ಹೀಗಾಗಿ ಪ್ರತಿ ಬಾರಿಯೂ ವ್ಯವಸ್ಥೆಯು ಹೊಸದರಂತೆ ಆರಂಭವಾಗುತ್ತದೆ. ಹೆಚ್ಚುವರಿ ತಂತ್ರಾಂಶಗಳು 'ಟಿಸಿಇ' ಎಂಬ ಕಡತಕೋಶದಲ್ಲಿಯೂ, ಬಳಕೆದಾರರ ಕಡತಗಳು ಹಾಗೂ ಹೊಂದಿಕೆಗಳು 'ಮೈಡೇಟಾ' ಎಂಬ ಸಂಕುಚಿತ ಕಡತದಲ್ಲಿಯೂ ಉಳಿಯುತ್ತವೆ. ಗಣಕವನ್ನು ಮುಚ್ಚುವ ಮುನ್ನ ಕಾಯ್ದಿರಿಸುವ (ಬ್ಯಾಕಪ್) ಕ್ರಿಯೆಯನ್ನು ನಡೆಸದಿದ್ದರೆ, ಸ್ಮೃತಿಕೋಶದಲ್ಲಷ್ಟೇ ಇರುವ ಕೆಲಸವೆಲ್ಲ ನಷ್ಟವಾಗುತ್ತದೆ.

ವಿವಿಧ ಯಂತ್ರಾಂಶಗಳಿಗೆ ಹೊಂದಿಸುವಿಕೆ

ಮೂಲ ವ್ಯವಸ್ಥೆಯು ಬದಲಾಗದ ಕಾರಣ, ಗಣಕದಿಂದ ಗಣಕಕ್ಕೆ ಬೇಕಾಗುವ ವ್ಯತ್ಯಾಸಗಳನ್ನು ಬೂಟ್ ಸಂಕೇತಗಳು ಹಾಗೂ ಹೆಚ್ಚುವರಿ ತಂತ್ರಾಂಶಗಳ ಮೂಲಕ ಮಾಡಲಾಗುತ್ತದೆ.

ಯುಎಸ್‌ಬಿ: ಕೆಲವು ಗಣಕಗಳಲ್ಲಿ ಪೆನ್‌ಡ್ರೈವ್ ಸಿದ್ಧವಾಗುವ ಮೊದಲೇ ವ್ಯವಸ್ಥೆಯು ಅದನ್ನು ಹುಡುಕಿ ಮುಂದೆ ಸಾಗಿಬಿಡುತ್ತದೆ. ಆಗ ಬಳಕೆದಾರರ ಕಡತಗಳು ಅಳಿಸಿಹೋದಂತೆ ತೋರಿದರೂ ಅವು ಪೆನ್‌ಡ್ರೈವ್‌ನಲ್ಲಿ ಸುರಕ್ಷಿತವಾಗಿರುತ್ತವೆ. 'ವೇಟ್‌ಯುಎಸ್‌ಬಿ' ಸಂಕೇತದೊಂದಿಗೆ 5 ಎಂದು ಸೂಚಿಸಿದರೆ ವ್ಯವಸ್ಥೆಯು 5 ಸೆಕೆಂಡು ಕಾಯುತ್ತದೆ.

ಪರದೆ: ಟೈನಿಕೋರ್‌ನೊಂದಿಗೆ ಬರುವ 'ಎಕ್ಸ್‌ವೇಸಾ' ಚಿತ್ರಾತ್ಮಕ ತಂತ್ರಾಂಶವು ಎಲ್ಲ ಗಣಕಗಳಿಗೂ ಒಗ್ಗುವುದಿಲ್ಲ. ಅಂತಹ ಕಡೆ 'ಎಕ್ಸ್‌ಆರ್ಗ್' ಅನ್ನು ಸೇರಿಸಿಕೊಳ್ಳಬಹುದು.

ನಿಸ್ತಂತು ಜಾಲ: ಅನೇಕ ವೈಫೈ ಸಾಧನಗಳಿಗೆ ಪ್ರತ್ಯೇಕ ಫರ್ಮ್‌ವೇರ್ ಅಗತ್ಯ. ಅದನ್ನು ತಂತಿ ಸಂಪರ್ಕದ ಮೂಲಕ ಅಥವಾ ಬೇರೊಂದು ಗಣಕದಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕಾಗುತ್ತದೆ.

ದೋಷ ಪತ್ತೆ: 'ಬೇಸ್' ಸಂಕೇತವು ಹೆಚ್ಚುವರಿ ತಂತ್ರಾಂಶಗಳನ್ನೂ, 'ನೋರಿಸ್ಟೋರ್' ಸಂಕೇತವು ಕಾಯ್ದಿರಿಸಿದ ಹೊಂದಿಕೆಗಳನ್ನೂ ಬಿಟ್ಟು ವ್ಯವಸ್ಥೆಯನ್ನು ಆರಂಭಿಸುತ್ತವೆ. ಹೀಗೆ ಆರಂಭಿಸಿದಾಗ ತೊಂದರೆ ಕಾಣದಿದ್ದರೆ, ಅದರ ಮೂಲವು ಬಳಕೆದಾರರು ಸೇರಿಸಿದ ಅಂಶಗಳಲ್ಲಿದೆಯೆಂದು ತಿಳಿಯಬಹುದು.

ಮಿತಿಗಳು

32 ಬಿಟ್, 64 ಬಿಟ್ ಹಾಗೂ ರಾಸ್‌ಬೆರಿ ಪೈ ರೂಪಗಳಿಗೆ ಹೆಚ್ಚುವರಿ ತಂತ್ರಾಂಶಗಳ ಭಂಡಾರಗಳು ಬೇರೆ ಬೇರೆಯಾಗಿವೆ. ಒಂದರಲ್ಲಿ ಸಜ್ಜುಗೊಳಿಸಿದ 'ಟಿಸಿಇ' ಕಡತಕೋಶವನ್ನು ಮತ್ತೊಂದರಲ್ಲಿ ಹಾಗೆಯೇ ಬಳಸಲಾಗದು.