ಹಗ್ಗವೋ, ಸರಪಳಿಯೋ?

ಹೊಳೆಹೊನ್ನೂರಿನಿಂದ ಒಂದು ದಾರಿ ಭದ್ರಾವತಿಗೆ ಹೋಗುತ್ತದೆ. ಅಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. ಇನ್ನೊಂದು ದಾರಿ ಶಿವಮೊಗ್ಗೆಗೆ. ಅದನ್ನು ದಾಟಿ ತೀರ್ಥಹಳ್ಳಿಯ ಕಡೆ ಸಾಗಿದರೆ ಸಕ್ರೆಬೈಲಿನ ಆನೆಬಿಡಾರ. ಎರಡನ್ನೂ ನೋಡಿದವರಿಗೆ, ಆನೆಯನ್ನು ಕಟ್ಟಲು ಕಬ್ಬಿಣಕ್ಕಿಂತ ಗಟ್ಟಿಯಾದುದು ಇನ್ನೇನಿದೆ ಎಂದು ತೋರುವುದು ಸಹಜ. ಆದರೆ ಕಾಡುಪ್ರಾಣಿಗಳನ್ನು ಹಿಡಿದವರ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ.

ಬೋನು ಒಡ್ಡುವವನಿಗೆ ಬೋನಿಗಿಂತ ಅದರ ಗೂಟದ ಚಿಂತೆಯೇ ಹೆಚ್ಚು. ಕೆನಡಾದಂಥ ಶೀತದೇಶಗಳಲ್ಲಿ ತುಪ್ಪುಳದ ಚರ್ಮಕ್ಕಾಗಿ ನರಿ, ತೋಳಗಳಿಗೆ ಉಕ್ಕಿನ ಬೋನು ಒಡ್ಡುತ್ತಿದ್ದವರು ಅದರ ಸರಪಳಿಯನ್ನು ಎಲ್ಲ ಕಡೆಯೂ ನೆಲಕ್ಕೆ ಬಿಗಿಯುತ್ತಿರಲಿಲ್ಲ. ಎಷ್ಟೋ ಸಲ ಭಾರವಾದ ಮರದ ತುಂಡಿಗೆ ಕಟ್ಟಿಬಿಡುತ್ತಿದ್ದರು. ಅಲ್ಲಾಡದ ಗೂಟಕ್ಕೆ ಜಗ್ಗಿದ ಪ್ರಾಣಿ ಕಾಲನ್ನೇ ಹರಿದುಕೊಂಡು ಹೋದೀತು. ತುಂಡನ್ನು ಎಳೆದುಕೊಂಡು ಹೋದರೆ ದಣಿದು ನಿಲ್ಲುತ್ತದೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಆನೆಯ ಗಾತ್ರಕ್ಕೆ ಬೆಳೆಯಿತು. ಕಾಕನಕೋಟೆಯ ಕಾಡಿನಲ್ಲಿ ಹೈದರಾಲಿ ಆನೆ ಹಿಡಿಯಲು ಹೋಗಿ ಸೋತನೆಂದೂ, ಮುಂದೆ ಯಾರೂ ಗೆಲ್ಲಲಾರರೆಂದು ಕಲ್ಲಿನಲ್ಲಿ ಬರೆಸಿದನೆಂದೂ ಸ್ಯಾಂಡರ್ಸನ್ ಹೇಳುತ್ತಾನೆ. ಮೈಸೂರಿನಲ್ಲಿ ಕಾಲುವೆಗಳ ಅಧಿಕಾರಿಯಾಗಿದ್ದ ಈತನೇ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಗೆದ್ದವನು. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಬಂಗಾಳದ ಖೆಡ್ಡಾದ ವಿವರವೂ ಇದೆ: ಸುಮಾರು 12 ಅಡಿ ಎತ್ತರದ ದಪ್ಪ ಕಂಬಗಳ ಸುತ್ತುಬೇಲಿ, ಹಿಂದಿನಿಂದ ಓರೆಯಾಗಿ ಕೊಟ್ಟ ಒತ್ತುಗಂಬಗಳು. ಆದರೂ ಬರಿಯ ಮರದಿಂದಲೇ ಆನೆ ತಡೆಯಲಿಲ್ಲ. ಬೆಂಕಿ, ಗದ್ದಲ, ಕಾವಲಿನ ಜನ ಎಲ್ಲವೂ ಸೇರಿಯೇ ಆ ಬೇಲಿ ಬೇಲಿಯಾಯಿತು.

ಇನ್ನು ಕಟ್ಟುವ ಕೆಲಸ. ಪಳಗಿದ ಆನೆಗಳ ಮರೆಯಲ್ಲಿ ಜನ ನುಸುಳಿ ಕಾಡಾನೆಯ ಹಿಂಗಾಲಿಗೆ ಹಾಕುತ್ತಿದ್ದುದು ಹಗ್ಗ. ಹಗ್ಗ ಬಾಗುತ್ತದೆ, ಮರಕ್ಕೆ ಸುತ್ತಿಕೊಳ್ಳುತ್ತದೆ, ಜಗ್ಗಿದಾಗ ಕೊಂಚ ಹಿಗ್ಗುತ್ತದೆ. ಅಷ್ಟಾದರೂ ಅದು ಉಜ್ಜಿ ಕಾಲು ಹುಣ್ಣಾಗುತ್ತಿತ್ತು. ಆನೆ ತಪ್ಪಿಸಿಕೊಂಡರೆ ಒಂದು ದಿನದ ಶ್ರಮ ಹಾಳು. ಹುಣ್ಣು ಕೊಳೆತರೆ ಆನೆಯೇ ಹಾಳು. ಚರ್ಮಕ್ಕಾಗಿ ಹಿಡಿದವನಿಗಿಲ್ಲದ ಈ ಭಯ ಜೀವಂತವಾಗಿ ಬೇಕೆಂದು ಹಿಡಿದವನಿಗೆ ಸದಾ ಇತ್ತು.

ಹಾಗಾದರೆ ಸರಪಳಿಗೆ ಸ್ಥಾನವಿಲ್ಲವೆ? ಉಂಟು, ಆದರೆ ಆನೆ ಪಳಗಿದ ಮೇಲೆ. ಬಿಡಾರದ ಆನೆಯನ್ನು ರಾತ್ರಿ ಮೇಯಲು ಕಾಡಿಗೆ ಬಿಡುವಾಗ ಕಾಲಿನಲ್ಲಿ ಉದ್ದನೆಯ ಸರಪಳಿ ಇರುತ್ತದೆ; ಅದರ ತುದಿಯನ್ನು ಯಾವುದಕ್ಕೂ ಕಟ್ಟಿರುವುದಿಲ್ಲ. ಬೆಳಿಗ್ಗೆ ಅದು ನೆಲದಲ್ಲಿ ಎಳೆದ ಗೆರೆಯನ್ನು ಹಿಡಿದೇ ಮಾವುತ, ಕಾವಾಡಿಗಳು ಆನೆಯನ್ನು ಹುಡುಕುತ್ತಾರೆ. ಶೀತದೇಶದ ಬೇಟೆಗಾರನ ಮರದ ತುಂಡೂ, ನಮ್ಮ ಕಾವಾಡಿಯ ಸರಪಳಿಯೂ ಇಲ್ಲಿ ಒಂದೇ ಜಾತಿ.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಇಂದು ಊರಿಗೆ ನುಗ್ಗಿದ ಆನೆಯನ್ನು ಅರಿವಳಿಕೆಯ ಮದ್ದು ಹಾರಿಸಿ ಹಿಡಿಯುತ್ತಾರೆ. ಹಾಗೆ ಹಿಡಿದದ್ದನ್ನು ಪಳಗಿಸುವಾಗ ಕೂಡಿಹಾಕುವುದು ಈಗಲೂ ದಪ್ಪ ದಿಮ್ಮಿಗಳ ಕ್ರಾಲಿನಲ್ಲಿ. ಕಬ್ಬಿಣದ ಯುಗದಲ್ಲಿಯೂ ಮರ ಉಳಿದುಕೊಂಡಿದೆ. ಎಷ್ಟು ಗಟ್ಟಿ ಎಂದು ಕೇಳಿದರೆ ಸಾಲದು. ಕಟ್ಟಿಸಿಕೊಂಡ ಜೀವಕ್ಕೆ ಎಷ್ಟು ಹಿತ ಎಂದೂ ಕೇಳಬೇಕು. ಹಿಡಿಯುವ ವಿದ್ಯೆಯಲ್ಲಿ ಮನುಷ್ಯ ತಡವಾಗಿ ಕಲಿತ ಪಾಠವಿದು.