ಕೃಷ್ಣರಾಜಪೇಟೆಗೂ ಎಟುಕಬೇಕಾದ ಮಾತಿನ ಮದ್ದು

ಈಗ ಉಕ್ಕಿದ ಪ್ರೀತಿ ಮರುಗಳಿಗೆ ಸಿಟ್ಟಾಗಿ ತಿರುಗುತ್ತದೆ. ಬಿಟ್ಟುಹೋಗುತ್ತಾರೆಂಬ ಭಯ, ಒಳಗೆಲ್ಲ ಖಾಲಿಯೆಂಬ ಸಂಕಟ, ತನಗೆ ತಾನೇ ಮಾಡಿಕೊಳ್ಳುವ ಗಾಯ. ಮನೆಯವರು ಇದನ್ನು ನಾಟಕ ಎನ್ನುತ್ತಾರೆ, ಹಟ ಎನ್ನುತ್ತಾರೆ, ಗ್ರಹಚಾರವೆಂದು ಶಾಂತಿಯನ್ನೂ ಮಾಡಿಸುತ್ತಾರೆ. ವೈದ್ಯರು ಕೊಟ್ಟ ಹೆಸರು ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ. ಇದಕ್ಕೆಂದೇ ಒಂದು ಮಾತ್ರೆ ಇನ್ನೂ ಬಂದಿಲ್ಲ. ಮುಖ್ಯ ಚಿಕಿತ್ಸೆ ಮಾತೇ.

1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಇಂಥವರ ಬಗ್ಗೆ ಬರೆದದ್ದೇ ಮಾಮೂಲಿ ಮನೋವಿಶ್ಲೇಷಣೆ ಇವರಿಗೆ ಒಗ್ಗುತ್ತಿಲ್ಲವೆಂದು. ಅರವತ್ತರ ದಶಕದಲ್ಲಿ ಆಟೋ ಕೆರ್ನ್‌ಬರ್ಗ್ ಆ ಪದ್ಧತಿಯನ್ನು ತಿದ್ದಿದರು. 1980ರಲ್ಲಿ ಈ ದೋಷ ಅಮೆರಿಕದ ರೋಗನಿದಾನ ಕೈಪಿಡಿಗೆ ಸೇರಿತು. ‘ವಾಸಿಯಾಗದವರು’ ಎಂಬ ಹಣೆಪಟ್ಟಿ ಮಾತ್ರ ಹಾಗೇ ಉಳಿಯಿತು.

ಅದನ್ನು ಕಿತ್ತವರಲ್ಲಿ ಮೊದಲಿಗರು ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್. ಅವರ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ (ಡಿಬಿಟಿ) ಪದ್ಧತಿಯಿಂದ ಸ್ವಹಾನಿ ಕಡಿಮೆಯಾಗುತ್ತದೆಂದು 1991ರ ಪ್ರಯೋಗ ತೋರಿಸಿತು. ಹದಿಹರೆಯದಲ್ಲಿ ತಾವೇ ಆಸ್ಪತ್ರೆಯಲ್ಲಿ ನರಳಿದ್ದನ್ನು ಅವರು 2011ರಲ್ಲಿ ಬಹಿರಂಗಪಡಿಸಿದರು. ಅವರ ವಿಧಾನ ನೋಡಿ: ಕಾಲೇಜು ಹುಡುಗಿಯೊಬ್ಬಳು ಕೈಗೆ ಗಾಯ ಮಾಡಿಕೊಂಡಳು ಎನ್ನೋಣ. ಚಿಕಿತ್ಸಕರು ಬೈಯುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ. ಹಿಂದಿನ ರಾತ್ರಿ ನಿದ್ದೆಯಾಗಿತ್ತೇ? ಗೆಳತಿ ಫೋನ್ ಎತ್ತದಿದ್ದಾಗ ಮನಸ್ಸಿಗೆ ಬಂದ ಮೊದಲ ಮಾತೇನು? ಆಮೇಲೆ? ಕೊಂಡಿ ಕೊಂಡಿಯಾಗಿ ಆ ಸಂಜೆಯನ್ನು ಬಿಚ್ಚಿ, ಎಲ್ಲಿ ಬೇರೆ ದಾರಿ ಹಿಡಿಯಬಹುದಿತ್ತೆಂದು ಇಬ್ಬರೂ ಕೂತು ಹುಡುಕುತ್ತಾರೆ. ತಣ್ಣೀರಲ್ಲಿ ಮುಖ ಅದ್ದಿ ಉದ್ವೇಗ ಇಳಿಸುವಂಥ ಸರಳ ಉಪಾಯಗಳೂ ಇದರಲ್ಲಿವೆ.

1999ರಲ್ಲಿ ಲಂಡನ್ನಿನ ಬೇಟ್‌ಮನ್ ಮತ್ತು ಫೊನಾಗಿ ಇನ್ನೊಂದು ದಾರಿ ತೋರಿದರು: ತನ್ನ ಮತ್ತು ಎದುರಿನವರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವ ಶಕ್ತಿಯನ್ನು ಬೆಳೆಸುವುದು. ಬಾಲ್ಯದಲ್ಲೇ ಬೇರೂರಿದ ನಂಬಿಕೆಗಳನ್ನು ತಿದ್ದುವ ಸ್ಕೀಮಾ ಥೆರಪಿಯೂ ಬಂತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2009ರಲ್ಲಿ ಕೆನಡಾದಿಂದ ಬಂದ ಸುದ್ದಿ. 180 ರೋಗಿಗಳಲ್ಲಿ ಒಂದು ಗುಂಪಿಗೆ ಡಿಬಿಟಿ, ಇನ್ನೊಂದಕ್ಕೆ ಕ್ರಮಬದ್ಧವಾದ ಸಾಮಾನ್ಯ ಮನೋವೈದ್ಯಕೀಯ ಆರೈಕೆ. ವರ್ಷದ ಕೊನೆಗೆ ಎರಡೂ ಗುಂಪು ಸುಧಾರಿಸಿದ್ದವು, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದುಬಾರಿ ಪರಿಣತರಿಲ್ಲದ ಊರುಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು?

ನಮ್ಮಲ್ಲೂ ಮಾತಿನ ಚಿಕಿತ್ಸೆಯ ಚಿಂತನೆ ಹಳೆಯದು. ಭಾರತದ ರೋಗಿ ಚಿಕಿತ್ಸಕರಲ್ಲಿ ಕರಾರಿನ ಸಂಬಂಧವನ್ನಲ್ಲ, ಮನೆಯ ಹಿರಿಯರನ್ನು ಹುಡುಕುತ್ತಾನೆಂದು ಮಾನಸಿಕ ಆರೋಗ್ಯ ತಜ್ಞರಾದ ಸೂರ್ಯ ಮತ್ತು ಜಯರಾಮ್ 1964ರಲ್ಲೇ ಬರೆದರು. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾಗಿದ್ದ ಸಂಸ್ಥೆ ಬೆಂಗಳೂರಿನಲ್ಲಿ ಐವತ್ತರ ದಶಕದಲ್ಲೇ ಮನಶ್ಶಾಸ್ತ್ರಜ್ಞರಿಗೆ ತರಬೇತಿಯ ನೆಲೆಯಾಯಿತು. ಆದರೆ ಹೀಗೆ ಕಲಿತವರಲ್ಲಿ ಹೆಚ್ಚಿನವರು ಉಳಿಯುವುದು ನಗರಗಳಲ್ಲೇ. ಕೃಷ್ಣರಾಜಪೇಟೆಯವರು ಮಂಡ್ಯಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು. ನಾಗಮಂಗಲದವರಿಗೆ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಹತ್ತಿರ. ವಾರವಾರ ಹೋಗಿಬರುವ ಖರ್ಚು, ಒಂದು ದಿನದ ಕೂಲಿ, ಕೇಳುವ ನೆರೆಹೊರೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲೇ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ರೂಪಿಸಿದೆ. ಆ ದಿನ ಚೀಟಿ ಬರೆದು ಕಳಿಸಿದರೆ ಸಾಲದು. ಅದೇ ರೋಗಿಗೆ ಅದೇ ಚಿಕಿತ್ಸಕರು ಅರ್ಧ ಗಂಟೆ ಸಿಗಬೇಕು, ಮನೆಯವರನ್ನೂ ಕೂರಿಸಿ ವಿವರಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಷ್ಟನ್ನಾದರೂ ಮಾಡಲಿ. ಅಲ್ಲಿಯವರೆಗೆ, ಮನೆಯಲ್ಲಿ ಇಂಥ ಸಂಕಟವಿದ್ದವರು ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.