ಸಾಷ್ಟಿ: ಹೆಸರು ಮರೆತ ದ್ವೀಪ

ಅಂಧೇರಿ, ಬೊರಿವಲಿ, ಮುಲುಂಡ್, ಠಾಣೆಗಳಲ್ಲಿ ಮೂರು ತಲೆಮಾರಿನಿಂದ ನೆಲೆಸಿರುವ ಕನ್ನಡಿಗರಲ್ಲೂ ತಾವಿರುವುದು ದ್ವೀಪವೊಂದರ ಮೇಲೆ ಎಂದು ನೆನೆಯುವವರು ಕಡಿಮೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ವಸಯಿ ಖಾಡಿ, ಪೂರ್ವಕ್ಕೆ ಠಾಣೆ ಖಾಡಿ, ದಕ್ಷಿಣಕ್ಕೆ ಮಾಹಿಮ್ ಖಾಡಿ. ಈ ಉಪ್ಪುನೀರಿನ ನಡುವಿನ ನೆಲದ ಹೆಸರು ಸಾಷ್ಟಿ. ‘ಷಟ್‌ಷಷ್ಟಿ’, ಅಂದರೆ ಅರವತ್ತಾರು ಹಳ್ಳಿಗಳ ನಾಡು. ಗೋವಾದ ಸಾಷ್ಟಿ ಬೇರೆ.

ದ್ವೀಪದ ಬೆನ್ನೆಲುಬು ಕಾಡುಗುಡ್ಡಗಳ ಸಾಲು. ಅಲ್ಲೇ ಕಾನ್ಹೇರಿ, ಹಳೆಯ ಕೃಷ್ಣಗಿರಿ. ಅಲ್ಲಿನ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳ ಶಾಸನಗಳಲ್ಲಿ ಕನ್ನಡಿಗರಿಗೆ ಪರಿಚಿತವಾದ ಹೆಸರೊಂದಿದೆ: ಅಮೋಘವರ್ಷ ನೃಪತುಂಗ. ಅವನ ಸಾಮಂತರಾದ ಶಿಲಾಹಾರರು ಉತ್ತರ ಕೊಂಕಣವನ್ನು ಆಳುತ್ತಿದ್ದರು. ಒಂದು ಶಾಸನದ ಕಾಲ ಶಕ 799, ಅಂದರೆ ಕ್ರಿ.ಶ. 877ರ ಸುಮಾರು. ಭಾಷೆ ಸಂಸ್ಕೃತ; ಆದರೆ ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅಧಿಕಾರ ಬೊರಿವಲಿಯ ಗುಡ್ಡದವರೆಗೂ ನಡೆಯುತ್ತಿತ್ತು.

ಭಿಕ್ಷುಗಳು ಬಂಡೆಯಲ್ಲಿ ಕಾಲುವೆ ಕೊರೆದು ಮಳೆನೀರನ್ನು ಗುಹೆಗಳ ಪಕ್ಕದ ತೊಟ್ಟಿಗಳಿಗೆ ಇಳಿಸಿದ್ದರು. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಯೇ ಅಲ್ಲಿ ಬದುಕು ನಡೆದಿತ್ತು.

1534ರಲ್ಲಿ ಗುಜರಾತಿನ ಸುಲ್ತಾನನಿಂದ ದ್ವೀಪ ಪೋರ್ಚುಗೀಸರ ಪಾಲಾಯಿತು, 1737ರಲ್ಲಿ ಮರಾಠರ ವಶವಾಯಿತು. 1774ರ ಕೊನೆಗೆ ಇಂಗ್ಲಿಷರು ಠಾಣೆ ಕೋಟೆ ಹಿಡಿದರು. 1782ರ ಸಾಲ್ಬಾಯಿ ಒಪ್ಪಂದ ಅದನ್ನು ಖಾಯಂ ಮಾಡಿತು. 1845ರಲ್ಲಿ ಮಾಹಿಮ್ ಖಾಡಿಯ ಮೇಲೆ ರಸ್ತೆ ಬಂತು, 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮುಂಬಯಿಯ ಬಾಯಾರಿಕೆಗೆಂದು ಇದೇ ಗುಡ್ಡಗಳ ನಡುವೆ ಕಟ್ಟಿದ ವಿಹಾರ್ ಕೆರೆ 1860ರಲ್ಲಿ ನೀರು ಕೊಟ್ಟಿತು. ದಾಟಲು ದೋಣಿ ಬೇಡವಾದಂತೆ ದ್ವೀಪವೆಂಬ ಭಾವನೆಯೂ ಅಳಿಯಿತು. ಇಂದು ಅದರ ದಕ್ಷಿಣ ಭಾಗ ಅಂಧೇರಿ, ಬೊರಿವಲಿ, ಕುರ್ಲಾ ತಾಲೂಕುಗಳಾಗಿ ಮುಂಬಯಿ ಉಪನಗರ ಜಿಲ್ಲೆಯಲ್ಲಿದೆ. ಉತ್ತರ ಭಾಗ ಠಾಣೆ ಜಿಲ್ಲೆಯಲ್ಲಿದೆ. ಸಾಷ್ಟಿ ಎಂಬ ತಾಲೂಕು ಅಲ್ಲಿ ಇಲ್ಲ.

ಹೆಸರಷ್ಟೇ ಹೋಗಿದ್ದರೆ ಚಿಂತೆಯಿರಲಿಲ್ಲ. ವಿಹಾರ್, ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಮಾಹಿಮ್ ಖಾಡಿಗೆ ಒಯ್ಯುವ ಮಿಠಿ ನದಿ ವಿಮಾನ ನಿಲ್ದಾಣದ ಬಳಿ ತಿರುಗಿತು, ಇಕ್ಕಟ್ಟಾಯಿತು. ಖಾಡಿಯಂಚಿನ ಜೌಗು ನೆಲದ ಮೇಲೆ ಬಾಂದ್ರಾ–ಕುರ್ಲಾ ಸಂಕೀರ್ಣ ಎದ್ದಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಸಮುದ್ರದ ಉಬ್ಬರವೂ ಸೇರಿ, ಕುರ್ಲಾ, ಕಲೀನಾಗಳು ಮುಳುಗಿದವು. ನಗರದಲ್ಲಿ ನೂರಾರು ಜನ ಸತ್ತರು. ಮಿಠಿ ನದಿಯ ಬಗ್ಗೆ ಹಲವು ಮುಂಬಯಿಗರು ಮೊದಲ ಸಲ ಮಾತಾಡಿದ್ದು ಆ ವಾರ. ಅದುವರೆಗೆ ಅವರಿಗೆ ಅದು ಬರೀ ನಾಲೆಯಾಗಿತ್ತು.